ಹಳೆ ಬಣ್ಣದ ಧೂಳು

ಮನೆಯ ಬಾಗಿಲು, ಕಿಟಕಿ, ಸೂರಿನ ಹಲಗೆಗೆ ನಾವು ಎಣ್ಣೆ ಬಣ್ಣ ಬಳಿಸುತ್ತೇವೆ. ವರ್ಷ ಕಳೆದಂತೆ ಬಣ್ಣ ಒಣಗಿ ಚಕ್ಕೆ ಏಳುತ್ತದೆ. ಹೊಸ ಬಣ್ಣ ಹಚ್ಚುವ ಮೊದಲು ಹಳೆಯದನ್ನು ಕೆರೆಯಬೇಕು. ಮಾಡು ರಿಪೇರಿ ಮಾಡುವಾಗ ಹಳೆ ಹಲಗೆ ಕೀಳಬೇಕು. ಕೆರೆಯುವುದು, ಗುಡಿಸುವುದು, ಕಸ ಹೊರುವುದು ಹೆಚ್ಚಾಗಿ ಹೆಂಗಸರ ಪಾಲಿಗೇ ಬರ್ತದೆ. ಆ ಧೂಳಿನಲ್ಲಿ ಏನಿದೆ ಅಂತ ನಾವು ತಿಳಿಯಬೇಡವೇ?

ಹಳೆ ಬಣ್ಣದಲ್ಲಿ ಸೀಸ ಇರಬಹುದು. ಸೀಸ ಒಂದು ಲೋಹ. ಮೆತ್ತಗಿರುತ್ತದೆ, ಬಲು ಭಾರ. ವಾಹನದ ಬ್ಯಾಟರಿಯ ಒಳಗೂ ಇದೇ ಇರುತ್ತದೆ. ಬಣ್ಣ ಬೇಗ ಒಣಗಲಿ, ಬಾಳಿಕೆ ಬರಲಿ ಎಂದು ಹಿಂದೆ ಸೀಸ ಬೆರೆಸುತ್ತಿದ್ದರು. ಹಳದಿ, ಕೆಂಪು, ಹಸಿರು ಎಣ್ಣೆ ಬಣ್ಣಗಳಲ್ಲಿ ಅದು ಹೆಚ್ಚು.

ಮೈಗೆ ಹೇಗೆ ಸೇರುತ್ತದೆ?

ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಕೈ ತೊಳೆಯದೆ ಉಂಡರೆ ಅನ್ನದ ಜೊತೆ ಹೋಗುತ್ತದೆ. ಎಲೆ ಅಡಿಕೆ, ಬೀಡಿಯ ಜೊತೆಯೂ ಹೋಗುತ್ತದೆ. ಬಟ್ಟೆಗೆ ಅಂಟಿ ಮನೆಗೂ ಬರುತ್ತದೆ. ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಂಡರೆ ಮಗುವಿಗೂ ತಗಲುತ್ತದೆ.

ಮಕ್ಕಳ ಮೈ ದೊಡ್ಡವರಿಗಿಂತ ಹೆಚ್ಚು ಸೀಸ ಹೀರುತ್ತದೆ. ಅದು ಮಿದುಳಿಗೆ ಪೆಟ್ಟು ಕೊಡುತ್ತದೆ. ಕಲಿಯುವ ಶಕ್ತಿ ಕುಗ್ಗುತ್ತದೆ. ಹೋದದ್ದು ಮತ್ತೆ ಬಾರದು. ದೊಡ್ಡವರಿಗೆ ರಕ್ತ ಕಡಿಮೆಯಾಗುವುದು, ಹೊಟ್ಟೆನೋವು, ರಕ್ತದ ಒತ್ತಡ ಬರಬಹುದು. ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಸುರಿಯ ಮೂಳೆಯಿಂದ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಲೆಕ್ಕ ಇಲ್ಲವೇ ಇಲ್ಲ.

ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ ಮನೆಯ ಬಣ್ಣದಲ್ಲಿ ಸೀಸವನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕೂ ಹಿಂದೆ ಕಟ್ಟಿದ ಮನೆಗಳಿಗೆ 2010ರ ಏಪ್ರಿಲ್ 22ರಿಂದ ಇನ್ನೊಂದು ನಿಯಮ ಬಂತು. ಅಂಥ ಮನೆಯ ಹೊರಗಡೆ 20 ಚದರ ಅಡಿಗಿಂತ ಹೆಚ್ಚು ಬಣ್ಣ ಕೆದಕುವ ಕಂಟ್ರಾಕ್ಟರಿಗೆ ಸರ್ಟಿಫಿಕೇಟು ಬೇಕು. ಮಾಡಿನ ಕೆಲಸದವರು ಸೂರಿನ ಬಣ್ಣದ ಹಲಗೆ ಕಿತ್ತರೂ ಇದೇ ನಿಯಮ. ತರಬೇತಿ ಪಡೆದವರೊಬ್ಬರು ಕೆಲಸ ನೋಡಿಕೊಳ್ಳಬೇಕು. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಬೆಂಕಿ ಹಿಡಿದು ಬಣ್ಣ ಸುಡುವಂತಿಲ್ಲ.

ನಮ್ಮ ದೇಶದಲ್ಲಿ 2016ರಲ್ಲಿ ನಿಯಮ ಮಾಡಿದರು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಮನೆಗೆ ಬಳಿಯುವ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಬಾರದು. ಇದನ್ನು 90 ಪಿಪಿಎಂ ಎನ್ನುತ್ತಾರೆ. ಡಬ್ಬಿಯ ಮೇಲೆ ಇದನ್ನು ಬರೆದಿರಬೇಕು. ಈಗ ನಮಗೆ ಓದು ಬರ್ತದೆ. ಡಬ್ಬಿ ತಿರುಗಿಸಿ ಓದೋಣ. ಕಾರ್ಖಾನೆ ಕೆಲಸದ ಬಣ್ಣಕ್ಕೆ ಈ ಮಿತಿ ಇಲ್ಲ. ಅದನ್ನು ಮನೆಗೆ ತರುವುದು ಬೇಡ.

ಆದರೆ ಗೋಡೆ ಬಾಗಿಲಿನ ಮೇಲೆ ಹಳೆ ಬಣ್ಣ ಹಾಗೇ ಇದೆ. ಅದನ್ನು ಕೆರೆಯುವಾಗ ನಾವೇ ಎಚ್ಚರ ವಹಿಸಬೇಕು.

ನಾವು ಏನು ಮಾಡೋಣ?

1. ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯೋಣ. ಕರೆಂಟಿನ ಸ್ವಿಚ್ಚಿನ ಹತ್ತಿರ ನೀರು ಬೇಡ.
2. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸೋಣ. ಚಕ್ಕೆಗಳನ್ನು ಚೀಲದಲ್ಲಿ ಕಟ್ಟೋಣ. ಸುಡಬಾರದು.
3. ಒಣ ಪೊರಕೆ ಬೇಡ. ಒದ್ದೆ ಬಟ್ಟೆಯಿಂದ ಒರೆಸೋಣ.
4. ಧೂಳು ತಡೆಯುವ ಮಾಸ್ಕನ್ನು ಮೇಸ್ತ್ರಿಯ ಹತ್ತಿರ ಕೇಳೋಣ. ಸೆರಗು ಸಣ್ಣ ಧೂಳನ್ನು ತಡೆಯದು.
5. ಮಕ್ಕಳು, ಬಸುರಿಯರು ಹತ್ತಿರ ಬರಬಾರದು.
6. ಸೋಪು ಹಚ್ಚಿ ಕೈ ಮುಖ ತೊಳೆದೇ ಊಟ ಮಾಡೋಣ.
7. ಕೆಲಸದ ಬಟ್ಟೆ ಕೊಡವಬಾರದು. ಬೇರೆಯಾಗಿ ನೆನೆಸಿ ಒಗೆಯೋಣ.

ರಾಗಿ, ಹಾಲು, ಸೊಪ್ಪು, ಕಾಳು ತಿಂದರೆ ಮೈ ಸೀಸ ಹೀರುವುದು ಕಡಿಮೆಯಾಗುತ್ತದೆ. ಅನುಮಾನ ಇದ್ದರೆ ವೈದ್ಯರನ್ನು ಕೇಳೋಣ. ಮೈಯಲ್ಲಿ ಸೀಸ ಇದೆಯೇ ಎಂದು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ.

"ನೀರು ಹಾಕಿದ್ರೆ ಕೆಲಸ ತಡ ಆಗ್ತದೆ" ಅಂತ ಮೇಸ್ತ್ರಿ ಹೇಳಬಹುದು. ಒಬ್ಬಳೇ ಎದುರು ಮಾತಾಡಿದರೆ ಕೂಲಿ ತಪ್ಪೀತು ಅನ್ನೋ ಭಯ ಇರ್ತದೆ. ಅದಕ್ಕೇ ಎಲ್ಲರೂ ಒಟ್ಟಾಗಿ ಕೇಳೋಣ. ಒಂದು ಬಕೆಟ್ ನೀರು, ಒಂದು ಹಾಳೆ, ಒಂದು ಸೋಪು. ನಾವು ಕೇಳುವುದು ಇಷ್ಟೇ.

ಯೋಚಿಸಿ, ಮಾತಾಡಿ

* ನಿಮ್ಮ ಮನೆಯಲ್ಲಿ ಬಣ್ಣದ ಚಕ್ಕೆ ಎಲ್ಲಿ ಏಳುತ್ತಿದೆ? ಅಲ್ಲಿ ಮಕ್ಕಳು ಆಡುತ್ತಾರೆಯೇ?
* ಒಣ ಪೊರಕೆ ಯಾಕೆ ಬೇಡ?
* ಬಣ್ಣದ ಡಬ್ಬಿಯ ಮೇಲೆ ಏನನ್ನು ಹುಡುಕಿ ಓದಬೇಕು?