ರೊಟ್ಟಿಯ ಜಾಡು ಹಿಡಿದು ಬಯಾಲಜಿ ರಿವಿಷನ್

ಫೆಬ್ರುವರಿ ಬಂತೆಂದರೆ ಬಂಡ್ರಿಯಲ್ಲಿ ಬೆಳಗಿನ ಬಸ್ಸಿಗೆ ನಿಂತ ಪಿಯು ಸೈನ್ಸ್ ಮಕ್ಕಳ ಕೈಯಲ್ಲಿ ಬಯಾಲಜಿ ಪುಸ್ತಕ ಇರುತ್ತದೆ. ಒಬ್ಬ ಹುಡುಗಿಯ ಪುಸ್ತಕ ಇಸಿದು ನೋಡಿದೆ. ರಕ್ತದಲ್ಲಿ ಅನಿಲಗಳ ಸಾಗಣೆಯ ಪುಟದಲ್ಲಿ ಹಳದಿ ಹೈಲೈಟರ್ ಬೀಳದ ಸಾಲೇ ಇರಲಿಲ್ಲ. "ಆಕ್ಸಿಜನ್ ರಕ್ತದಾಗೆ ಹೆಂಗ್ ಹೋಗ್ತೈತಮ್ಮ, ಪುಸ್ತಕ ಮುಚ್ಚಿ ಹೇಳು" ಎಂದೆ. "ಮೂರ್ ಸಲ ಓದೀನಿ ಮೇಡಂ" ಎಂದಳು, ಆಮೇಲೆ ಸುಮ್ಮನಾದಳು. ಅವಳು ಸುಳ್ಳು ಹೇಳಿರಲಿಲ್ಲ. ಓದಿದ್ದನ್ನೇ ಮತ್ತೆ ಓದಿದರೆ ಪುಟದ ಪರಿಚಯವಾಗುತ್ತದೆ, ಪಾಠ ನಮ್ಮದಾಗುವುದಿಲ್ಲ. ಪುಸ್ತಕ ಮುಚ್ಚಿ ಹೇಳಲು ಬಂದಾಗಲೇ ಅದು ನಮ್ಮದು.

ಹಾಗೆ ಹೇಳಲು ಬರುವಂತೆ ಮಾಡುವ ದಾರಿ ಇಲ್ಲಿದೆ. ಸೆಕೆಂಡ್ ಪಿಯು, ಕೆಸಿಇಟಿ, ನೀಟ್ ಮೂರಕ್ಕೂ ಇದು ನಡೆಯುತ್ತದೆ.

ಮೊದಲು ಪಾಠಗಳನ್ನು ಒಟ್ಟು ಹಾಕಿ

ದೇಹಕ್ರಿಯೆಯ ಪಾಠಗಳೆಲ್ಲ ಫಸ್ಟ್ ಪಿಯುನಲ್ಲಿವೆ: ಉಸಿರಾಟ, ರಕ್ತಪರಿಚಲನೆ, ವಿಸರ್ಜನೆ, ನರವ್ಯೂಹ, ಹಾರ್ಮೋನುಗಳು. ಸೆಕೆಂಡ್ ಪಿಯುನಲ್ಲಿ ಸಂತಾನೋತ್ಪತ್ತಿ, ಅನುವಂಶೀಯತೆ, ಆರೋಗ್ಯ ಮತ್ತು ರೋಗ. ಬೋರ್ಡ್ ಪರೀಕ್ಷೆಯ ಗಡಿಬಿಡಿಯಲ್ಲಿ ಮೊದಲ ವರ್ಷದ ಪುಸ್ತಕ ಟ್ರಂಕಿನ ತಳ ಸೇರುತ್ತದೆ, ನೀಟ್‌ಗೆ ಒಂದು ತಿಂಗಳಿರುವಾಗ ಮೇಲೆ ಬರುತ್ತದೆ. ಇಂದೇ ತೆಗೆದಿಡಿ.

ಬಹಳ ಮಕ್ಕಳು ಗಮನಿಸದ ಇನ್ನೊಂದು ಸಂಗತಿಯಿದೆ. ಜೈವಿಕ ಅಣುಗಳ ಅಧ್ಯಾಯ ಎರಡು ಕಡೆ ಬರುತ್ತದೆ: ಫಸ್ಟ್ ಪಿಯು ಬಯಾಲಜಿಯಲ್ಲಿ ಒಮ್ಮೆ, ಸೆಕೆಂಡ್ ಪಿಯು ಕೆಮಿಸ್ಟ್ರಿಯಲ್ಲಿ ಇನ್ನೊಮ್ಮೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೇ ದಿನ ಓದಿ. ಪಚನಕ್ರಿಯೆಯ ಅಧ್ಯಾಯ ಈಗಿನ ಪಿಯು ಪುಸ್ತಕದಲ್ಲಿ ಇಲ್ಲ, ಅದಕ್ಕೆ ಎಸ್ಸೆಸ್ಸೆಲ್ಸಿ ವಿಜ್ಞಾನದ 'ಜೀವಕ್ರಿಯೆಗಳು' ಪಾಠ ಸಾಕು. ಕನ್ನಡ ಮಾಧ್ಯಮದ ಪುಸ್ತಕ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಎರಡು ಲೋಟದ ಪ್ರಯೋಗ

ಜೀವರಸಾಯನಶಾಸ್ತ್ರ ಎಂದರೆ ಹೆದರುವವರು ಅಡುಗೆಮನೆಯಿಂದ ಶುರು ಮಾಡಬೇಕು. ಒಂದು ಚಮಚ ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ, ತೆಳ್ಳಗೆ ಗಂಜಿ ಕಾಯಿಸಿ. ಉಗುರುಬೆಚ್ಚಗಾದ ಮೇಲೆ ಎರಡು ಗಾಜಿನ ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಿ. ಬಾಯಿ ತೊಳೆದುಕೊಂಡು, ಒಂದು ಲೋಟಕ್ಕೆ ಮಾತ್ರ ಒಂದು ಚಮಚದಷ್ಟು ಜೊಲ್ಲು ಬಿಟ್ಟು ಕಲಕಿ. ಇಪ್ಪತ್ತು ನಿಮಿಷ ಬಿಟ್ಟು ಎರಡಕ್ಕೂ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ ಒಂದೊಂದು ಹನಿ ಹಾಕಿ. ಜೊಲ್ಲು ಬೀಳದ ಲೋಟ ಕಡುನೀಲಿಗೆ ತಿರುಗುತ್ತದೆ. ಜೊಲ್ಲು ಬಿದ್ದದ್ದರಲ್ಲಿ ಆ ನೀಲಿ ಮಂಕಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಅಲ್ಲಿ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆದಿದೆ. ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದೂ ಇದೇ ಕಾರಣಕ್ಕೆ.

ಇಲ್ಲಿಗೇ ನಿಲ್ಲಿಸಬೇಡಿ. ಮೂರನೇ ಲೋಟಕ್ಕೆ ಕುದಿಸಿ ಆರಿಸಿದ ಜೊಲ್ಲು ಹಾಕಿ ನೋಡಿ. ನೀಲಿ ಹಾಗೇ ಉಳಿಯುತ್ತದೆ. ಕಿಣ್ವ ಒಂದು ಪ್ರೋಟೀನ್. ಕುದಿಸಿದಾಗ ಅದರ ಮಡಿಕೆ ಬಿಚ್ಚಿಹೋಗಿ, ಪಿಷ್ಟ ಬಂದು ಕೂರುವ ಜಾಗವೇ ಕೆಟ್ಟಿತು. ಆದರೆ ಅಮೈನೋ ಆಮ್ಲಗಳ ಸರಪಳಿ ತುಂಡಾಗಿಲ್ಲ. ಪ್ರೋಟೀನಿನ ಪ್ರಾಥಮಿಕ ರಚನೆಗೂ ತೃತೀಯ ರಚನೆಗೂ ಇರುವ ವ್ಯತ್ಯಾಸ ಅಷ್ಟೇ. ಆಮ್ಲದಲ್ಲಿ ಕಿಣ್ವ ಏನಾಗುತ್ತದೆಂದು ನೋಡಲು ನಿಂಬೆರಸ ಹಿಂಡಲು ಹೋಗಬೇಡಿ. ನಿಂಬೆಯಲ್ಲಿರುವ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ತೆಗೆದುಬಿಡುತ್ತದೆ, ಪ್ರಯೋಗ ದಾರಿ ತಪ್ಪುತ್ತದೆ.

ತುತ್ತಿನ ಜೊತೆ ಒಳಗೆ ಇಳಿಯಿರಿ

ಈಗ ಒಂದು ದೊಡ್ಡ ಹಾಳೆ ತೆಗೆದುಕೊಂಡು, ಮೇಲೆ 'ರೊಟ್ಟಿ' ಎಂದು ಬರೆದು, ಪುಸ್ತಕ ನೋಡದೆ ಅದರ ದಾರಿ ಎಳೆಯಿರಿ. ಪಿಷ್ಟ ಗ್ಲೂಕೋಸ್ ಆಗಿ ಸಣ್ಣ ಕರುಳಿನಿಂದ ರಕ್ತಕ್ಕೆ ಬಂತು, ಮೊದಲು ಯಕೃತ್ತಿಗೆ ಹೋಯಿತು. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಟಿತು. ಇನ್ಸುಲಿನ್ನಿನಲ್ಲಿ 51 ಅಮೈನೋ ಆಮ್ಲಗಳು. ಗ್ಲೂಕೋಸ್ ಜೀವಕೋಶ ಸೇರಿ, ಕೋಶದ್ರವದಲ್ಲಿ ಗ್ಲೈಕಾಲಿಸಿಸ್, ಮೈಟೊಕಾಂಡ್ರಿಯಾದಲ್ಲಿ ಕ್ರೆಬ್ಸ್ ಚಕ್ರ ಎಂದು ಸಾಗಿ ಕೊನೆಗೆ ಎಟಿಪಿ. ಈ ಎಟಿಪಿಯನ್ನು 1929ರಲ್ಲಿ ಜರ್ಮನಿಯ ಲೋಹ್ಮನ್ ಕಂಡುಹಿಡಿದರು. ಅದೇ ವರ್ಷ ಹಾರ್ವರ್ಡ್‌ನಲ್ಲಿ ಫಿಸ್ಕೆ ಮತ್ತು ನಮ್ಮ ನೆರೆಯ ಆಂಧ್ರದವರಾದ ಯಲ್ಲಾಪ್ರಗಡ ಸುಬ್ಬರಾವ್ ಅದನ್ನು ಬೇರೆಯಾಗಿಯೇ ಕಂಡುಕೊಂಡಿದ್ದರು.

ದಾರಿಯಲ್ಲಿ ಎಲ್ಲಿ ಪೆನ್ನು ನಿಂತಿತೋ ಅಲ್ಲಿ ಕೆಂಪು ಗುರುತು ಹಾಕಿ. ಆ ಗುರುತಿನ ಜಾಗವನ್ನಷ್ಟೇ ಪುಸ್ತಕದಲ್ಲಿ ಓದಿ. ಉಳಿದದ್ದು ನಿಮಗೆ ಬರುತ್ತದೆ, ಅದರ ಮೇಲೆ ಸಮಯ ಕಳೆಯಬೇಡಿ.

ಸಂಡೂರಿನ ಕೆಂಪು, ರಕ್ತದ ಕೆಂಪು

ಸಂಡೂರಿನ ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳಿನಲ್ಲಿ ಇರುವುದು ಕಬ್ಬಿಣ. ಹಿಮೋಗ್ಲೋಬಿನ್ನಿನ ನಡುವೆ ಕೂತಿರುವುದೂ ಕಬ್ಬಿಣವೇ. ಅದಿರಿನಲ್ಲಿ ಅದು ಫೆರಿಕ್ ರೂಪದಲ್ಲಿದೆ, ಹಿಮೋಗ್ಲೋಬಿನ್ನಿನಲ್ಲಿ ಫೆರಸ್ ರೂಪದಲ್ಲಿ. ಹಿಮೋಗ್ಲೋಬಿನ್ನಿನ ಕಬ್ಬಿಣ ಫೆರಿಕ್ ಆಗಿಬಿಟ್ಟರೆ ಆಕ್ಸಿಜನ್ ಹಿಡಿಯಲಾರದು. ನುಗ್ಗೆಸೊಪ್ಪಿನ ಕಬ್ಬಿಣ ಬಹುಪಾಲು ಫೆರಿಕ್, ಕರುಳು ಹೀರಬೇಕಾದರೆ ಫೆರಸ್ ಆಗಬೇಕು, ಆ ಕೆಲಸಕ್ಕೆ ವಿಟಮಿನ್ ಸಿ ನೆರವಾಗುತ್ತದೆ. ಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಿ, ಊಟದ ಬೆನ್ನಿಗೇ ಚಾ ಕುಡಿಯಬೇಡಿ ಎಂದು ಹೇಳುವುದು ಇದಕ್ಕೇ, ಚಾದ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಓದುವ ಹೆಣ್ಣುಮಕ್ಕಳು ಇದನ್ನು ಪರೀಕ್ಷೆಗೆ ಮಾತ್ರವಲ್ಲ, ತಮ್ಮ ಮೈಗಾಗಿಯೂ ನೆನಪಿಡಬೇಕೆಂಬುದು ನನ್ನ ಆಸೆ.

ಹಿಮೋಗ್ಲೋಬಿನ್ ಎಂಬ ಈ ಒಂದು ಅಣುವಿನಿಂದ ನಾಲ್ಕು ಅಧ್ಯಾಯ ಬಿಚ್ಚಬಹುದು. ನಾಲ್ಕು ಸರಪಳಿ, ಒಟ್ಟು 574 ಅಮೈನೋ ಆಮ್ಲ, ನಾಲ್ಕು ಹೀಮ್: ಇದು ಜೈವಿಕ ಅಣುಗಳ ಪಾಠ. ಆಕ್ಸಿಜನ್ನಿನ ಸುಮಾರು ಶೇಕಡಾ 97 ಭಾಗ ಕೆಂಪು ರಕ್ತಕಣಗಳಲ್ಲಿ ಸಾಗುತ್ತದೆ, ಕಾರ್ಬನ್ ಡೈಆಕ್ಸೈಡಿನ ಸುಮಾರು ಶೇಕಡಾ 70 ಭಾಗ ಬೈಕಾರ್ಬನೇಟ್ ಆಗಿ: ಇದು ಉಸಿರಾಟದ ಪಾಠ. ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದರೆ ಕುಡಗೋಲು ಕಣ ರೋಗ: ಇದು ಅನುವಂಶೀಯತೆ. ಇನ್ನು ಗೆಳತಿಯರು ಒಬ್ಬರಿಗೊಬ್ಬರು ಈ ಪ್ರಶ್ನೆ ಕೇಳಿ: ಮೈಗೆಲ್ಲ ಆಕ್ಸಿಜನ್ ಹೊರುವ ಕೆಂಪು ರಕ್ತಕಣ ತಾನೇಕೆ ಅದನ್ನು ಬಳಸುವುದಿಲ್ಲ? ಅದರಲ್ಲಿ ಮೈಟೊಕಾಂಡ್ರಿಯಾ ಇಲ್ಲ, ಗ್ಲೈಕಾಲಿಸಿಸ್‌ನಿಂದಲೇ ಜೀವನ. ಇದನ್ನು ತಡವರಿಸದೆ ಹೇಳಿದವರಿಗೆ ಕೋಶೀಯ ಉಸಿರಾಟ ಬಂದಿದೆ.

ಅಂಕಿಗಳನ್ನು ಲೆಕ್ಕ ಮಾಡಿ ಕಲಿಯಿರಿ

ಬಾಯಿಪಾಠದ ಅಂಕಿ ಪರೀಕ್ಷಾ ಕೊಠಡಿಯಲ್ಲಿ ಕೈ ಕೊಡುತ್ತದೆ. ಹೃದಯ ಒಂದು ಬಡಿತಕ್ಕೆ 70 ಮಿಲಿಲೀಟರ್ ರಕ್ತ ತಳ್ಳುತ್ತದೆ, ನಿಮಿಷಕ್ಕೆ 72 ಬಡಿತ. ಗುಣಿಸಿದರೆ 5 ಲೀಟರು ಚಿಲ್ಲರೆ. ಮೂತ್ರಪಿಂಡಗಳು ನಿಮಿಷಕ್ಕೆ 125 ಮಿಲಿಲೀಟರ್ ಸೋಸುತ್ತವೆ, ಅಂದರೆ ದಿನಕ್ಕೆ 180 ಲೀಟರ್. ಹೊರಗೆ ಹೋಗುವ ಮೂತ್ರ ಒಂದೂವರೆ ಲೀಟರ್. ಉಳಿದದ್ದೆಲ್ಲಿ? ಈ ಪ್ರಶ್ನೆ ಎದ್ದರೆ ನೆಫ್ರಾನ್ ಪಾಠ ತಾನಾಗಿ ತೆರೆದುಕೊಳ್ಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಹೊಲಕ್ಕೆ ಹೋಗಿಬಂದ ಅಪ್ಪನ ಮೂತ್ರ ಏಕೆ ಕಡಿಮೆ, ಏಕೆ ಗಾಢ ಎಂಬುದಕ್ಕೆ ಉತ್ತರ ಎಡಿಎಚ್ ಹಾರ್ಮೋನಿನಲ್ಲಿದೆ.

ಮೊದಲು ಕನ್ನಡದಲ್ಲಿ ಹೇಳಿ

ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪಿಯುನಲ್ಲಿ ಇಂಗ್ಲಿಷಿಗೆ ಬಿದ್ದ ಮಕ್ಕಳ ಕಷ್ಟ ಪಾಠದ್ದಲ್ಲ, ಪದಗಳದ್ದು. ಮನೆಯ ಮಾತಿನಲ್ಲಿ ಕ್ರಿಯೆಯನ್ನು ಪೂರ್ತಿ ಹೇಳಿಬಿಡಿ, ಆಮೇಲೆ ಹೆಸರುಗಳನ್ನು ಜಾಗಕ್ಕೆ ಕೂರಿಸಿ. ಗಾಳಿಗೂಡು ಎಂದರೆ ಆಲ್ವಿಯೊಲೈ, ಕಿಣ್ವ ಎಂದರೆ ಎಂಜೈಮ್. 'ಏಸ್' ಎಂದು ಕೊನೆಯಾದರೆ ಸಾಮಾನ್ಯವಾಗಿ ಕಿಣ್ವ, 'ಲೈಸಿಸ್' ಎಂದರೆ ಒಡೆಯುವುದು. ಅತಿ ಹೆಚ್ಚು ಗೊಂದಲ ಮಾಡುವುದು ಗ್ಲೈಕೋಜನ್ ಮತ್ತು ಗ್ಲುಕಗಾನ್. ಮೊದಲನೆಯದು ಯಕೃತ್ತಿನ ಕಣಜದಲ್ಲಿಟ್ಟ ಸಕ್ಕರೆ, ಎರಡನೆಯದು ಆ ಕಣಜ ತೆಗೆಸುವ ಹಾರ್ಮೋನು. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತಿದೆ. ಅದನ್ನು ಆರಿಸುವವರು ಕನ್ನಡದ ಪಾರಿಭಾಷಿಕ ಪದಗಳನ್ನು ಮೊದಲೇ ರೂಢಿ ಮಾಡಿಕೊಳ್ಳಿ.

ಕೊನೆಗೆ ಗಡಿಯಾರ

ಇಂದು ಕಲಿತದ್ದನ್ನು ನಾಡಿದ್ದು ಒಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಪುಸ್ತಕ ಮುಚ್ಚಿ ಹೇಳಿ. ಸಂಡೂರು, ಹೊಸಪೇಟೆಗೆ ಓಡಾಡುವವರಿಗೆ ಬಸ್ಸಿನ ಹೊತ್ತು ಇದಕ್ಕೇ ಇರಲಿ. ಕುಲುಕಾಟದಲ್ಲಿ ಓದುವುದು ಕಷ್ಟ, ಮನಸ್ಸಿನಲ್ಲೇ ಹೇಳಿಕೊಳ್ಳಲು ಏನೂ ಅಡ್ಡಿಯಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡೇ ಬಿಡಿಸಿ: ಕೆಸಿಇಟಿ ಬಯಾಲಜಿಗೆ 80 ನಿಮಿಷದಲ್ಲಿ 60 ಪ್ರಶ್ನೆ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಬಯಾಲಜಿಯವು, ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಕಡಿತ.

ತಪ್ಪಿದ ಪ್ರಶ್ನೆಗಳಿಗೆಂದೇ ಇನ್ನೂರು ಪುಟದ ನೋಟ್‌ಬುಕ್ ಇಡಿ. ಸರಿಯುತ್ತರ ಬರೆಯುವ ಮೊದಲು, ತಪ್ಪನ್ನು ಆರಿಸಿದ್ದು ಏಕೆ ಎಂದು ಒಂದು ಸಾಲು ಬರೆಯಿರಿ. ಎರಡು ಸಲ ಸರಿಯಾದದ್ದಕ್ಕೆ ಗೆರೆ ಹೊಡೆಯಿರಿ. ಗೆರೆ ಬೀಳದೆ ಉಳಿದ ಪ್ರಶ್ನೆಗಳನ್ನು ಶನಿವಾರ ಕ್ಲಾಸು ಬಿಟ್ಟ ಮೇಲೆ ನಿಮ್ಮ ಮೇಷ್ಟ್ರ ಮುಂದಿಟ್ಟು ಕೇಳಿ.