ಸೇರು ಯಾರದು? ಪಡಿ ಯಾರದು?

ಬಂಗಾರಪೇಟೆಯ ಹುಡುಗಿ ಮದುವೆಯಾಗಿ ಕೆ.ಜಿ.ಎಫ್.ಗೆ ಬಂದಳು. ಒಂದು ದಿನ ನೆಂಟರು ಬಂದರು. ಅಕ್ಕಿ ಸಾಲಲಿಲ್ಲ. ಪಕ್ಕದ ಮನೆಗೆ ಹೋದಳು.

"ಅಕ್ಕಾ, ಒಂದು ಅಳತೆ ಅಕ್ಕಿ ಕೊಡಿ. ನಾಳೆ ಕೊಡ್ತೀನಿ."

ಪಕ್ಕದ ಮನೆ ಅಕ್ಕ ಪಡಿಯಲ್ಲಿ ಅಳೆದು ಕೊಟ್ಟರು. ಮಾರನೇ ದಿನ ಇವಳು ತನ್ನ ಸೇರಿನಲ್ಲಿ ಅಳೆದು ವಾಪಸ್ಸು ಕೊಟ್ಟಳು.

"ಏನಮ್ಮಾ, ಅಕ್ಕಿ ಕಡಿಮೆ ಇದೆಯಲ್ಲ?"

"ಇಲ್ಲ ಅಕ್ಕಾ, ಸೇರು ತುಂಬ ಅಳೆದೇ ತಂದಿದ್ದೀನಿ."

ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಮಾತು ಬಿಟ್ಟರು.

ಇಬ್ಬರಲ್ಲಿ ಯಾರೂ ಮೋಸ ಮಾಡಲಿಲ್ಲ. ಹಾಗಾದರೆ ತಪ್ಪು ಎಲ್ಲಿದೆ?

ಚಿನ್ನದ ಗಣಿ ಕೆಲಸಕ್ಕೆ ತಮಿಳು, ತೆಲುಗು ಸೀಮೆಯಿಂದ ಜನ ಬಂದರು. ಅವರ ಜೊತೆ ಅವರ ಅಳತೆಗಳೂ ಬಂದವು. ಗಣಿ 2001ರಲ್ಲಿ ಮುಚ್ಚಿತು. ಅಳತೆಯ ಹೆಸರು ಉಳಿದವು.

ನಮ್ಮ ಲೆಕ್ಕ:
2 ಪಾವು = 1 ಅಚ್ಚೇರು
4 ಪಾವು = 1 ಸೇರು

ತಮಿಳರ ಲೆಕ್ಕ:
8 ಆಳಾಕ್ಕು = 1 ಪಡಿ

ಸೇರು ಬೇರೆ, ಪಡಿ ಬೇರೆ. ಊರಿಂದ ಊರಿಗೆ ಸೇರೂ ಬೇರೆ. ಅದಕ್ಕೇ 1956ರಲ್ಲಿ ಕಾನೂನು ಬಂತು. ದೇಶಕ್ಕೆಲ್ಲ ಒಂದೇ ಅಳತೆ ಎಂದಾಯಿತು. ಅದೇ ಲೀಟರ್, ಕಿಲೋ.

ನಿಮ್ಮ ಪಾವು ಎಷ್ಟು? ನೋಡೋಣ.

ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತನ್ನಿ. ಅರ್ಧ ಲೀಟರ್ ಅಂದರೆ 500 ಮಿಲಿ. ಹಾಲನ್ನು ಪಾವಿಗೆ ಸುರಿಯಿರಿ. ಸರಿಯಾಗಿ ಎರಡು ಪಾವು ತುಂಬಿತೇ? ನಿಮ್ಮ ಪಾವು 250 ಮಿಲಿ. ಹಾಲು ಉಳಿಯಿತೇ? ಪಾವು ಚಿಕ್ಕದು. ಎರಡನೇ ಪಾವು ತುಂಬಲಿಲ್ಲವೇ? ಪಾವು ದೊಡ್ಡದು.

ಆ ಇಬ್ಬರೂ ಹೀಗೇ ಮಾಡಿದರು. ಪಾವು 250 ಮಿಲಿ ಇತ್ತು. ನಾಲ್ಕು ಪಾವು ನೀರಿಗೆ ಸೇರು ತುಂಬಿತು. ಪಡಿ ತುಂಬಲು ಏಳು ಪಾವು ಬೇಕಾಯಿತು!

"ಅಯ್ಯೋ ಅಕ್ಕಾ, ಇನ್ನೂ ಮೂರು ಪಾವು ನಾನೇ ಕೊಡಬೇಕು" ಎಂದಳು. ಇಬ್ಬರೂ ನಕ್ಕರು.

ಅಡುಗೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆದರೆ ನಡೀತದೆ. ಮಗುವಿಗೆ ಭೇದಿ ಆದಾಗ ನಡೆಯೋದಿಲ್ಲ. ಓ.ಆರ್.ಎಸ್. ಪುಡಿಗೆ ಎಷ್ಟು ನೀರು ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಈಗ ನಿಮಗೆ ಓದಲು ಬರುತ್ತದೆ. ಓದಿ, ಅಷ್ಟೇ ನೀರು ಹಾಕಿ. ನೀರು ಹೆಚ್ಚಾದರೆ ಗುಣ ಕಡಿಮೆ. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ.

ಮಾಡಿ ನೋಡಿ
1. ನಿಮ್ಮ ಮನೆಯ ಪಾವು ಎಷ್ಟು ಮಿಲಿ? ಅಳೆದು ಬರೆಯಿರಿ.
2. ಪಾವು 250 ಮಿಲಿ ಆದರೆ, 1 ಲೀಟರ್ ನೀರಿಗೆ ಎಷ್ಟು ಪಾವು?
3. ಒಂದು ಪಾತ್ರೆಗೆ 1 ಲೀಟರ್ ನೀರು ಹಾಕಿ. ನೀರು ಬಂದ ಕಡೆ ಗುರುತು ಮಾಡಿ ಇಡಿ.