ವಚನ, ವಾಚನ, ಅಂಕಿತ: ಮಕ್ಕಳ ಓದಿಗೆ ಬೇಕಾದ ಪದಗಳು

ಅಕ್ಷರಗಳನ್ನು ಕೂಡಿಸಿ ನಿರರ್ಗಳವಾಗಿ ಓದುವ ಮಗುವಿಗೆ ಅರ್ಥವೂ ತಿಳಿದಿದೆಯೆಂದು ಹಿರಿಯರು ಭಾವಿಸುವುದು ಸಹಜ. ಆದರೆ ಓದು ಬಂದೊಡನೆ ಅರಿವು ಬಾರದು. ಗದ್ಯ, ಪದ್ಯ, ಕವಿ, ಕೃತಿ, ಪ್ರಾಸ, ಅಂಕಿತ ಮುಂತಾದ ಮಾತುಗಳು ಸಾಹಿತ್ಯದ ಓದಿಗೆ ಕೈದೀವಿಗೆಗಳು. ಅವುಗಳನ್ನು ಅರಿಯದ ಮಗುವು ಪ್ರಶ್ನೆಯನ್ನೇ ತಿಳಿಯದೆ ಉತ್ತರವನ್ನು ಬಾಯಿಪಾಠ ಮಾಡುತ್ತದೆ.

‘ವಚನ’ವೆಂಬ ಪದವನ್ನೇ ನೋಡಬಹುದು. ವ್ಯಾಕರಣದಲ್ಲಿ ‘ಮರ’ ಏಕವಚನ, ‘ಮರಗಳು’ ಬಹುವಚನ. ಇಲ್ಲಿ ವಚನವು ಸಂಖ್ಯೆಯ ಸೂಚಕ. ಪುಣ್ಯಕೋಟಿಯು ಹುಲಿಗೆ ಇತ್ತ ವಚನವೆಂದರೆ ಕೊಟ್ಟ ಮಾತು. 12ನೆಯ ಶತಮಾನದ ಶರಣರ ವಚನವಾದರೋ ಒಂದು ಸಾಹಿತ್ಯ ಪ್ರಕಾರ. ಮೊದಲ ಅಕ್ಷರವು ದೀರ್ಘವಾಗಿ ‘ವಾಚನ’ವಾದರೆ ಓದುವ ಕ್ರಿಯೆ. ಇವೆಲ್ಲಕ್ಕೂ ಮೂಲವು ‘ನುಡಿ’ ಎಂಬ ಅರ್ಥದ ಒಂದೇ ಧಾತು. ಈ ನಂಟನ್ನು ಬಿಡಿಸಿ ಹೇಳಿದರೆ ಮಗುವಿನ ಗೊಂದಲ ಕಳೆಯುತ್ತದೆ.

ಅಂಕಿತದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ‘ಕೂಡಲಸಂಗಮದೇವ’ ಎಂಬುದು ಬಸವಣ್ಣನವರ ಅಂಕಿತ. ‘ಚೆನ್ನಮಲ್ಲಿಕಾರ್ಜುನ’ ಎಂಬುದು ಅಕ್ಕಮಹಾದೇವಿಯದು. ‘ಗುಹೇಶ್ವರ’ ಎಂಬುದು ಅಲ್ಲಮಪ್ರಭುಗಳದು. ಬರೆದವರು ಯಾರೆಂದು ಕೇಳಿದರೆ ಮಗುವು ಈ ಹೆಸರನ್ನೇ ಹೇಳಬಹುದು. ಸರ್ವಜ್ಞನ ತ್ರಿಪದಿಯ ಕೊನೆಯಲ್ಲಿ ಬರುವುದು ಕವಿಯದೇ ಹೆಸರಾದುದರಿಂದ ಈ ತಪ್ಪಿಗೆ ಎಡೆಯೂ ಉಂಟು. ಶರಣರು ತಮ್ಮ ಹೆಸರನ್ನಿರಿಸದೆ ಇಷ್ಟದೈವದ ಹೆಸರನ್ನಿರಿಸಿದರೆಂದು ತಿಳಿಸಿದಾಗ ಮಗುವಿಗೆ ಪರಿಭಾಷೆಯೊಡನೆ ವಿನಯದ ಪಾಠವೂ ದೊರೆಯುತ್ತದೆ. ಓಲೆಗರಿಗಳನ್ನು ಅರಸಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರಂಥ ವಿದ್ವಾಂಸರಿಗೂ ಯಾವ ವಚನ ಯಾರದೆಂದು ಗುರುತಿಸಲು ಅಂಕಿತವೇ ಮುಖ್ಯ ಆಧಾರ.

ಕೆಲವು ಪದಗಳು ತಮ್ಮ ಅರ್ಥವನ್ನು ತಾವೇ ಹೇಳುತ್ತವೆ. ‘ತ್ರಿ’ ಎಂದರೆ ಮೂರು, ‘ಷಟ್’ ಎಂದರೆ ಆರು. ತ್ರಿಪದಿಗೆ ಮೂರು ಸಾಲು, ರಾಘವಾಂಕನು ಕಾವ್ಯ ರಚಿಸಿದ ಷಟ್ಪದಿಗೆ ಆರು ಸಾಲು. ವಚನಕ್ಕೆ ಇಂಥ ಎಣಿಕೆಯ ಕಟ್ಟಿಲ್ಲ. ಅದಕ್ಕೆ ಲಯವುಂಟು, ಛಂದಸ್ಸಿನ ನಿಯಮವಿಲ್ಲ. ಸಾಲುಗಳನ್ನು ಎಣಿಸಿ ನೋಡಿದ ಮಗುವು ಈ ಭೇದವನ್ನು ಮರೆಯದು.

ಹೀಗೆ ಪದವನ್ನು ಬಿಡಿಸಿ ನೋಡುವ ಅಭ್ಯಾಸಕ್ಕೆ ಪುಸ್ತಕವೇ ಬೇಕೆಂದಿಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಕುರುಬರಹಳ್ಳಿಯ ಮಗುವಿಗೆ ಅಂಗಡಿಯ ಫಲಕದ ಮೇಲಿನ ಊರ ಹೆಸರೇ ಪಾಠವಾಗಬಲ್ಲದು. ಕುರುಬರ ಹಳ್ಳಿ ಕುರುಬರಹಳ್ಳಿ. ಇಂದು ನಗರವು ಸುತ್ತ ಬೆಳೆದಿದ್ದರೂ ಹೆಸರಿನಲ್ಲಿ ಹಳ್ಳಿ ಉಳಿದಿದೆ. ಸಮೀಪದ ಬಸವೇಶ್ವರನಗರದಲ್ಲಿ ಬಸವ, ಈಶ್ವರ, ನಗರ ಎಂಬ ಮೂರು ಪದಗಳಿವೆ. ‘ಬಸವ’ವು ‘ವೃಷಭ’ದ ತದ್ಭವ. ದಿನವೂ ನಡೆಯುವ ದಾರಿಯಲ್ಲಿಯೇ ಸಮಾಸ, ಸಂಧಿ, ತದ್ಭವಗಳು ಎದುರಾಗುತ್ತವೆ.

ಕೇಂದ್ರ ಸರ್ಕಾರವು 2021ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಯೋಜನೆಯು ಮೂರನೆಯ ತರಗತಿ ಮುಗಿಯುವ ವೇಳೆಗೆ ಮಕ್ಕಳು ಅರ್ಥವರಿತು ಓದಬೇಕೆಂಬ ಗುರಿಯನ್ನಿರಿಸಿಕೊಂಡಿತು. ಈ ಹೊಣೆಯು ಶಾಲೆಯೊಂದರದೇ ಅಲ್ಲ. ಮನೆಯಲ್ಲಿ ವಚನವನ್ನು ಹೇಳಿಸುವ ತಾಯಿತಂದೆಗಳು ಮೊದಲು ಅದನ್ನು ಇಂಪಾಗಿ ಕೇಳಿಸಲಿ. ಬಳಿಕ ‘ಅಂಕಿತವೆಲ್ಲಿದೆ, ತೋರಿಸು’ ಎನ್ನಲಿ. ಆಮೇಲೆ ಮಗುವು ತನ್ನ ಮಾತಿನಲ್ಲಿ ಅರ್ಥ ಹೇಳಲಿ. ವಸ್ತುವನ್ನು ಕಂಡ ಬಳಿಕ ಕಲಿತ ಹೆಸರು ಮನಸ್ಸಿನಲ್ಲಿ ನಿಲ್ಲುತ್ತದೆ. ದಿನಕ್ಕೊಂದು ಪದವಾದರೂ ಸಾಕು.